ತತ್ತ್ವಶಾಸ್ತ್ರದ ಪ್ರಥಮ ಪಾಠ: ಗ್ರಂಥಗಳ ಆಯ್ಕೆಯ ಕ್ರಮ

ತತ್ತ್ವಶಾಸ್ತ್ರವೆಂಬ ಹೆಸರನ್ನು ಕೇಳಿದೊಡನೆ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಭಾವನೆಗಳು ಮೂಡುತ್ತವೆ. ಅದು ವೃದ್ಧಾಪ್ಯದಲ್ಲಿ ಕೈಗೆತ್ತಿಕೊಳ್ಳಬೇಕಾದ ವಿಷಯವೆಂಬ ಉಪೇಕ್ಷೆ ಒಂದು. ಪಂಡಿತರಿಗಲ್ಲದೆ ಅನ್ಯರಿಗೆ ನಿಲುಕದ್ದೆಂಬ ಭಯ ಮತ್ತೊಂದು. ಇವೆರಡೂ ನಿರಾಧಾರವಾದವು. ಸತ್ತವರು ಎಲ್ಲಿಗೆ ಹೋಗುತ್ತಾರೆ, ಒಳ್ಳೆಯವರಿಗೆ ಕಷ್ಟವೇಕೆ ಬರುತ್ತದೆ, ಪ್ರಾಣ ಉಳಿಸಲು ಹೇಳಿದ ಸುಳ್ಳೂ ಪಾಪವೆ ಎಂದು ಹಿರಿಯರನ್ನು ಕೇಳದ ಬಾಲಕರು ವಿರಳ. ಈ ಪ್ರಶ್ನೆಗಳೇ ತತ್ತ್ವಶಾಸ್ತ್ರದ ಬೀಜಗಳು. ಬೀಜವಿದ್ದೂ ಅದು ಮೊಳೆಯದೆ ಹೋಗುವುದಕ್ಕೆ ಅನೇಕ ವೇಳೆ ಕಾರಣವಾಗುವುದು ಮೊದಲು ಕೈಗೆ ಬಂದ ಗ್ರಂಥ. ತನಗೆ ಹೊಂದದ ಗ್ರಂಥವನ್ನು ಹಿಡಿದ ವಿದ್ಯಾರ್ಥಿ ಹತ್ತು ಪುಟಗಳಲ್ಲಿ ದಣಿದು, ದೋಷವು ತನ್ನ ಬುದ್ಧಿಯದೆಂದು ಭಾವಿಸಿ, ಆ ಶಾಸ್ತ್ರದ ಕಡೆಗೆ ಮತ್ತೆ ತಿರುಗಿ ನೋಡುವುದಿಲ್ಲ. ಆದುದರಿಂದ ಮೊದಲನೆಯ ಗ್ರಂಥದ ಆಯ್ಕೆ ಅಲ್ಪ ವಿಷಯವಲ್ಲ.

ಈ ಆಯ್ಕೆಯಲ್ಲಿ ಸಾಮಾನ್ಯವಾಗಿ ಮೂರು ತಪ್ಪುಗಳು ಕಂಡುಬರುತ್ತವೆ. ಅತ್ಯಂತ ಪೂಜ್ಯವಾದ ಗ್ರಂಥವನ್ನೇ ಮೊದಲು ಕೊಡುವುದು ಒಂದು. ಬ್ರಹ್ಮಸೂತ್ರಭಾಷ್ಯ ಪರಮಾದರಣೀಯವಾದರೂ ಉಪನಿಷತ್ತುಗಳ ಪರಿಚಯವಿಲ್ಲದವನಿಗೆ ಅದು ಬಾಗಿಲಿಲ್ಲದ ಮನೆ. ಎರಡನೆಯದು ಚಿಕ್ಕದಾದುದು ಸುಲಭವೆಂದು ಭ್ರಮಿಸುವುದು. ಮಾಂಡೂಕ್ಯೋಪನಿಷತ್ತಿನಲ್ಲಿರುವುದು ಹನ್ನೆರಡೇ ಮಂತ್ರಗಳು. ಅವುಗಳ ಆಶಯವನ್ನು ಬಿಡಿಸಲು ಗೌಡಪಾದಾಚಾರ್ಯರು ಇನ್ನೂರಕ್ಕೂ ಮಿಕ್ಕ ಕಾರಿಕೆಗಳನ್ನು ರಚಿಸಬೇಕಾಯಿತು. ಮೂರನೆಯದು ದರ್ಶನಗಳ ಚರಿತ್ರೆಯಿಂದ ಆರಂಭಿಸುವುದು. ಮೈಸೂರಿನ ಎಂ. ಹಿರಿಯಣ್ಣನವರು (1871–1950) ವಿಶ್ವವಿದ್ಯಾನಿಲಯದಲ್ಲಿ ಮಾಡಿದ ಪಾಠಗಳ ಆಧಾರದಿಂದ 1932ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ ಇಂದಿಗೂ ಪ್ರಮಾಣಭೂತವಾದ ಕೃತಿ. ಆದರೆ ಒಂದು ಪ್ರಶ್ನೆಯನ್ನೂ ಸ್ವತಃ ಚಿಂತಿಸದವನು ಅದನ್ನು ಓದಿದರೆ ಅವನಿಗೆ ದಕ್ಕುವುದು ಹೆಸರುಗಳ ಪಟ್ಟಿ ಮಾತ್ರ.

ಹಾಗಾದರೆ ಆಯ್ಕೆಗೆ ಅಳತೆಗೋಲು ಯಾವುದು? ಇದಕ್ಕೆ ಹೊರಗೆ ಹುಡುಕಬೇಕಾಗಿಲ್ಲ. ಒಂದು ಶಾಸ್ತ್ರಗ್ರಂಥವನ್ನು ಆರಂಭಿಸುವ ಮುನ್ನ ನಾಲ್ಕು ಸಂಗತಿಗಳನ್ನು ನಿಶ್ಚಯಿಸಿಕೊಳ್ಳಬೇಕೆಂದು ನಮ್ಮ ಪೂರ್ವಾಚಾರ್ಯರು ವಿಧಿಸಿದ್ದಾರೆ: ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ. ಅನುಬಂಧ ಚತುಷ್ಟಯವೆಂದು ಪ್ರಸಿದ್ಧವಾದ ಈ ನಾಲ್ಕನ್ನು ಗ್ರಂಥಕರ್ತರು ತಮ್ಮ ಗ್ರಂಥಕ್ಕೆ ಅನ್ವಯಿಸಿಕೊಂಡರು; ಅಧ್ಯಾಪಕರು ಅವನ್ನೇ ಗ್ರಂಥದ ಆಯ್ಕೆಗೆ ಅನ್ವಯಿಸಿಕೊಳ್ಳಬಹುದು.

ಅಧಿಕಾರಿ

ಅಧಿಕಾರಿ ಎಂದರೆ ಓದಲು ಸಿದ್ಧನಾದವನು. ಅವನು ಯಾರು, ಏನನ್ನು ಮೊದಲೇ ಬಲ್ಲನು ಎಂಬುದನ್ನು ತಿಳಿಯದೆ ಗ್ರಂಥವನ್ನು ನಿರ್ಣಯಿಸಲಾಗದು. ಮಂಗಳೂರು ನಗರದ ಒಂದು ತರಗತಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಒಂದೇ ಬೆಂಚಿನ ಮೇಲೆ ಕುಳಿತ ಮಕ್ಕಳಲ್ಲಿ ಒಬ್ಬನ ಮನೆಮಾತು ತುಳು, ಇನ್ನೊಬ್ಬನದು ಕೊಂಕಣಿ, ಮತ್ತೊಬ್ಬನದು ಬ್ಯಾರಿ. ಹಿಂದೂ, ಕ್ರೈಸ್ತ, ಮುಸ್ಲಿಂ, ಜೈನ ಮನೆಗಳಿಂದ ಬಂದವರು ಒಂದೇ ಪಾಠವನ್ನು ಕೇಳುತ್ತಾರೆ. ಕನ್ನಡವು ಇವರೆಲ್ಲರಿಗೂ ಶಾಲೆಯಲ್ಲಿ ಕೂಡುವ ಭಾಷೆ. ಇಂತಹ ತರಗತಿಗೆ ಮೊದಲ ವಾಚನವಾಗಿ ಆರಿಸುವ ಗ್ರಂಥವು ಒಂದು ಮತದ ಶ್ರದ್ಧೆಯನ್ನು ಮುಂಚಿತವಾಗಿ ಅಪೇಕ್ಷಿಸಿದರೆ ಅರ್ಧ ತರಗತಿ ಹೊರಗೆ ಉಳಿಯುತ್ತದೆ. ಒಳಗೆ ಉಳಿದ ಅರ್ಧವೂ ತನಗೆ ಗೊತ್ತಿರುವುದನ್ನೇ ಕೇಳುತ್ತಿರುವೆನೆಂದು ನಿಶ್ಚಿಂತವಾಗುತ್ತದೆ. ಹಾಗಾಗದಂತೆ ಎಲ್ಲರಿಗೂ ಸಮಾನವಾದ ಪ್ರಶ್ನೆಯಿಂದ ಪಾಠ ಆರಂಭವಾಗಬೇಕು.

ಈ ಮಕ್ಕಳು ಬರಿಗೈಯಲ್ಲಿ ಬಂದವರಲ್ಲವೆಂಬುದನ್ನೂ ಗಮನಿಸಬೇಕು. ತುಳುವರು ದೈವಗಳನ್ನು ‘ಸತ್ಯೊಲು’ ಎಂದು ಕರೆಯುತ್ತಾರೆ. ಸತ್ಯವೆಂದರೆ ಕೇವಲ ನುಡಿಯ ಗುಣವೋ, ಲೋಕವನ್ನು ಕಾಯುವ ಶಕ್ತಿಯೋ ಎಂಬ ವಿಚಾರ ಆ ಒಂದು ಶಬ್ದದಲ್ಲೇ ಅಡಗಿದೆ. ತಾಳಮದ್ದಳೆಯ ಸಂಸ್ಕಾರವಂತೂ ಈ ನಾಡಿನ ವಿಶೇಷ ಭಾಗ್ಯ. ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರ ಪದಕ್ಕೆ ಅರ್ಥಧಾರಿಗಳು ಮಾತಿನಿಂದಲೇ ಪಾತ್ರವನ್ನು ನಿಲ್ಲಿಸುವ ಈ ಕಲೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ದೇರಾಜೆ ಸೀತಾರಾಮಯ್ಯನವರು (1914–1984) ಮೊದಲಾದವರು ಅಸಾಧಾರಣ ಪ್ರೌಢಿಮೆಯನ್ನು ಮೆರೆದರು. ವಾಲಿವಧೆಯ ಪ್ರಸಂಗದಲ್ಲಿ ಬಾಣ ತಗಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದುದು ಯಾವ ಧರ್ಮವೆಂದು ರಾಮನನ್ನು ಕೇಳುತ್ತಾನೆ. ರಾಮನ ಉತ್ತರವನ್ನು ವಾಲಿ ಒಡನೆಯೇ ಒಪ್ಪುವುದಿಲ್ಲ. ಒಂದೊಂದು ಸಮಾಧಾನಕ್ಕೂ ಹೊಸ ಆಕ್ಷೇಪವನ್ನು ತರುತ್ತಾನೆ. ಅಕ್ಷರ ಬಾರದ ಶ್ರೋತೃವೂ ಯಾರ ವಾದ ಎಲ್ಲಿ ಸಡಿಲವಾಯಿತೆಂದು ಮರುದಿನ ಹೇಳಬಲ್ಲನು. ಪೂರ್ವಪಕ್ಷ, ಸಿದ್ಧಾಂತಗಳೆಂಬ ಹೆಸರುಗಳನ್ನು ಅರಿಯದಿದ್ದರೂ ಅವುಗಳ ನಡೆಯನ್ನು ಅವನು ಬಲ್ಲನು. ಆದ್ದರಿಂದ ಈ ಪ್ರದೇಶದ ವಿದ್ಯಾರ್ಥಿಗೆ ಸಂವಾದರೂಪದ ಗ್ರಂಥವೇ ಸಹಜವಾದ ಪ್ರವೇಶ.

ವಿಷಯ

ಪ್ರಥಮ ವಾಚನದ ವಿಷಯ ಒಂದೇ ಪ್ರಶ್ನೆಯಾಗಿರಬೇಕು. ಅದು ಕಣ್ಣಿಗೆ ಕಾಣುವ ದೃಷ್ಟಾಂತದೊಡನೆ ಬರಬೇಕು. ಕನಕದಾಸರ ‘ರಾಮಧಾನ್ಯಚರಿತೆ’ ಈ ಎರಡು ಲಕ್ಷಣಗಳನ್ನೂ ಪೂರ್ಣವಾಗಿ ಪಡೆದಿದೆ. ಅಕ್ಕಿಗೂ ರಾಗಿಗೂ ತಮ್ಮಲ್ಲಿ ಯಾರು ಶ್ರೇಷ್ಠರೆಂಬ ವಿವಾದ ಹುಟ್ಟುತ್ತದೆ. ಅಕ್ಕಿಯು ತನ್ನ ಕುಲವನ್ನೂ, ದೇವಕಾರ್ಯಗಳಲ್ಲಿ ತನಗಿರುವ ಸ್ಥಾನವನ್ನೂ ಮುಂದಿಡುತ್ತದೆ. ರಾಗಿಯು ಬಡವರನ್ನು ಪೊರೆಯುವ ತನ್ನ ಗುಣವನ್ನು ಹೇಳುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ ಪರೀಕ್ಷಿಸುತ್ತಾನೆ. ರಾಗಿ ಕೆಡದೆ ಉಳಿಯುತ್ತದೆ, ಅಕ್ಕಿ ಸತ್ತ್ವಗುಂದುತ್ತದೆ. ಯೋಗ್ಯತೆ ಎಂದರೇನು, ಅದನ್ನು ಅಳೆಯುವುದು ಹೇಗೆ, ಅಳೆಯುವ ಅಧಿಕಾರ ಯಾರದು ಎಂಬ ಗಂಭೀರ ಪ್ರಶ್ನೆಗಳು ಎರಡು ಧಾನ್ಯಗಳ ಜಗಳದಲ್ಲಿ ತೆರೆದುಕೊಳ್ಳುತ್ತವೆ. ಕೆಡದೆ ಉಳಿಯುವುದೊಂದೇ ಶ್ರೇಷ್ಠತೆಯ ಲಕ್ಷಣವೆ ಎಂದು ಒಬ್ಬ ವಿದ್ಯಾರ್ಥಿ ಕೇಳಿದನೆಂದರೆ ಪಾಠ ಫಲಿಸಿತೆಂದೇ ತಿಳಿಯಬೇಕು.

ಉಪನಿಷತ್ತುಗಳಲ್ಲಿ ಛಾಂದೋಗ್ಯದ ಆರನೆಯ ಅಧ್ಯಾಯ ಇಂತಹುದು. ಹನ್ನೆರಡು ವರ್ಷ ಓದಿ ಬೀಗಿ ಬಂದ ಮಗ ಶ್ವೇತಕೇತುವಿಗೆ ತಂದೆ ಉದ್ದಾಲಕನು ಆಲದ ಹಣ್ಣನ್ನು ಒಡೆಸಿ, ಅದರ ಬೀಜವನ್ನೂ ಸೀಳಿಸಿ, ಏನು ಕಾಣುವೆ ಎಂದು ಕೇಳುತ್ತಾನೆ. ನೀರಿನಲ್ಲಿ ಉಪ್ಪನ್ನು ಹಾಕಿಸಿ ಮರುದಿನ ಅದನ್ನು ಮೇಲಿನಿಂದ, ನಡುವಿನಿಂದ, ತಳದಿಂದ ರುಚಿ ನೋಡಿಸುತ್ತಾನೆ. ಕಣ್ಣಿಗೆ ಕಾಣದ್ದು ಇಲ್ಲವೆಂದು ಹೇಳಬಹುದೆ ಎಂಬ ಪ್ರಶ್ನೆ ನಾಲಗೆಯ ಮೇಲೆಯೇ ಬಂದು ನಿಲ್ಲುತ್ತದೆ. ಕಡಲತೀರದ ಬಾಲಕನಿಗೆ ಈ ಪ್ರಯೋಗವನ್ನು ವಿವರಿಸಬೇಕಾಗಿಯೇ ಇಲ್ಲ. ಕಠೋಪನಿಷತ್ತಿನಲ್ಲಿ ಯಮನ ಬಾಗಿಲಲ್ಲಿ ಮೂರು ರಾತ್ರಿ ಕಾದ ನಚಿಕೇತನು ಕೇಳುವುದು ಸಾವಿನ ಅನಂತರ ಮನುಷ್ಯನು ಉಳಿಯುವನೇ ಇಲ್ಲವೇ ಎಂಬುದನ್ನು. ಯಮನು ಮೊದಲು ಸಂಪತ್ತನ್ನು ಮುಂದೊಡ್ಡಿ ಪ್ರಶ್ನೆಯನ್ನು ತಪ್ಪಿಸಲು ನೋಡುತ್ತಾನೆ, ಬಾಲಕ ಬಗ್ಗುವುದಿಲ್ಲ. ಪ್ರಶ್ನೆಯನ್ನು ಬಿಡದಿರುವುದೇ ಜಿಜ್ಞಾಸುವಿನ ಮೊದಲ ಗುಣವೆಂಬ ಪಾಠ ಇಲ್ಲಿದೆ. ಇವನ್ನು ಕನ್ನಡದಲ್ಲೇ ಓದಲು ಅನುಕೂಲವಿದೆ. 1920ರಲ್ಲಿ ಸ್ಥಾಪಿತವಾಗಿ ಮುಂದೆ ಹೊಳೆನರಸೀಪುರದಲ್ಲಿ ನೆಲೆಗೊಂಡ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಮೂಲಕ ಶ್ರೀ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು (1880–1975) ಶಾಂಕರಭಾಷ್ಯಗಳನ್ನು ಕನ್ನಡಕ್ಕೆ ತಂದಿದ್ದಾರೆ. ಪ್ರಾರಂಭಿಕರಿಗೆ ಮೂಲದ ಕಥಾಭಾಗವೂ ಸರಳಾರ್ಥವೂ ಸಾಕು. ಭಾಷ್ಯವು ಮುಂದಿನ ಮೆಟ್ಟಿಲು.

ವಚನಗಳ ವಿಷಯದಲ್ಲಿಯೂ ಈ ವಿವೇಕ ಅಗತ್ಯ. ಬಸವಣ್ಣನವರ ವಚನಗಳು ಆಡುನುಡಿಗೆ ಸಮೀಪವಾಗಿದ್ದು ಒಂದೊಂದು ವಚನ ಒಂದೊಂದು ಪ್ರಶ್ನೆಯನ್ನು ಎತ್ತುತ್ತದೆ. ಅಲ್ಲಮಪ್ರಭುಗಳ ಬೆಡಗಿನ ವಚನಗಳನ್ನು ಮೊದಲೇ ಕೊಟ್ಟರೆ ವಿದ್ಯಾರ್ಥಿ ಅವನ್ನು ಒಗಟುಗಳೆಂದು ಭಾವಿಸುತ್ತಾನೆ. ಡಾ. ಫ. ಗು. ಹಳಕಟ್ಟಿಯವರು (1880–1964) ಅಪಾರ ಶ್ರಮದಿಂದ ಸಂಗ್ರಹಿಸಿದ ‘ವಚನಶಾಸ್ತ್ರಸಾರ’ದ ಹಸ್ತಪ್ರತಿ ಮುದ್ರಣಕ್ಕೆಂದು ಮೊದಲು ಬಂದುದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ, ಅಲ್ಲಿ ಅಚ್ಚಾಗದೆ, ಬೆಳಗಾವಿಯಲ್ಲಿ ಮುದ್ರಣಗೊಂಡು 1923ರಲ್ಲಿ ಅದು ಬೆಳಕು ಕಂಡಿತು. ಆ ಮಹಾಸಂಕಲನವು ವಚನಗಳನ್ನು ಸಿದ್ಧಾಂತದ ವಿಷಯಗಳಿಗೆ ಅನುಸಾರವಾಗಿ ಜೋಡಿಸಿದೆ. ಸಿದ್ಧಾಂತವನ್ನು ಅರಸುವವನಿಗೆ ಅದು ನಿಧಿ; ಹೊಸಬನಿಗೆ ಅಧ್ಯಾಪಕರು ಆರಿಸಿಕೊಟ್ಟ ಇಪ್ಪತ್ತು ವಚನಗಳೇ ಲೇಸು. ಅವುಗಳ ಬಳಿಕ ‘ಶೂನ್ಯಸಂಪಾದನೆ’ಯಿಂದ ಒಂದು ಪ್ರಸಂಗವನ್ನು ಮಾತ್ರ ಓದಿಸಬಹುದು. ಗೋರಕ್ಷನ ವಜ್ರಕಾಯಕ್ಕೆ ಕತ್ತಿ ತಾಗಿದಾಗ ಖಣಿಲೆಂಬ ಸದ್ದು ಏಳುತ್ತದೆ. ಅಲ್ಲಮರ ಮೇಲೆ ಬೀಸಿದ ಕತ್ತಿ ಬಯಲಿನಲ್ಲಿ ಆಡಿದಂತೆ ಹಾದುಹೋಗುತ್ತದೆ. ದೇಹವನ್ನು ಗಟ್ಟಿಗೊಳಿಸುವುದು ಸಿದ್ಧಿಯೋ, ದೇಹಭಾವ ಅಳಿಯುವುದು ಸಿದ್ಧಿಯೋ ಎಂಬ ಚರ್ಚೆ ಒಂದು ಘಟನೆಯಲ್ಲಿ ಮೂರ್ತಿವೆತ್ತಿದೆ.

ಸಂಬಂಧ

ಗ್ರಂಥಕ್ಕೂ ಓದುವವನಿಗೂ ನಡುವಣ ಸೇತುವೆ ಭಾಷೆ. ಶಾಸ್ತ್ರದ ಅನೇಕ ಶಬ್ದಗಳು ದಿನಬಳಕೆಯಲ್ಲಿ ಇರುವುದರಿಂದಲೇ ತೊಡಕು ಹೆಚ್ಚುತ್ತದೆ. ‘ನನ್ನ ಕರ್ಮ’ ಎಂದು ನಿಟ್ಟುಸಿರಿಡುವವನ ಮಾತಿನಲ್ಲಿ ಕರ್ಮವೆಂದರೆ ದುರದೃಷ್ಟ. ಮೀಮಾಂಸಕನಿಗೆ ಅದು ವಿಹಿತವಾದ ಕ್ರಿಯೆ. ವೈಶೇಷಿಕನಿಗೆ ಕೇವಲ ಚಲನೆ. ‘ಎಲ್ಲಾ ಮಾಯೆ’ ಎಂಬ ಲೋಕೋಕ್ತಿಯಲ್ಲಿ ಮಾಯೆಯೆಂದರೆ ಮೋಸ. ವೇದಾಂತಿಗೆ ಆ ಅರ್ಥ ಸಾಲದು. ಈ ವ್ಯತ್ಯಾಸವನ್ನು ಹೇಳಿಕೊಡದಿದ್ದರೆ ವಿದ್ಯಾರ್ಥಿ ಗ್ರಂಥದಲ್ಲಿ ತನ್ನ ಹಳೆಯ ಅರ್ಥವನ್ನೇ ಓದಿಕೊಳ್ಳುತ್ತಾನೆ.

ಈ ಸೇತುವೆಯನ್ನು ಕಟ್ಟಿದವರಲ್ಲಿ ನಿಜಗುಣ ಶಿವಯೋಗಿಗಳು ಅಗ್ರಗಣ್ಯರು. ಕೊಳ್ಳೇಗಾಲದ ಸೀಮೆಯ ಶಂಭುಲಿಂಗನ ಬೆಟ್ಟದಲ್ಲಿ ತಪಸ್ಸು ಮಾಡಿದರೆಂದು ಪ್ರಸಿದ್ಧರಾದ ಈ ಮಹನೀಯರು ಸಂಸ್ಕೃತದಲ್ಲಿದ್ದ ತತ್ತ್ವಾರ್ಥವನ್ನು ಕನ್ನಡಿಗರಿಗೆ ಒಂದೇ ಬಗೆಯಲ್ಲಿ ಬಡಿಸಲಿಲ್ಲ. ‘ಷಟ್‌ಶಾಸ್ತ್ರ’ಗಳೆಂದು ಹೆಸರಾದ ಅವರ ಕೃತಿಗಳಲ್ಲಿ ‘ಕೈವಲ್ಯಪದ್ಧತಿ’ ಹಾಡುಗಳಲ್ಲಿದೆ, ‘ಅನುಭವಸಾರ’ ತ್ರಿಪದಿಯಲ್ಲಿದೆ, ‘ಪರಮಾನುಭವಬೋಧೆ’ ಸಾಂಗತ್ಯದಲ್ಲಿದೆ, ‘ಪರಮಾರ್ಥಗೀತೆ’ ರಗಳೆಯಲ್ಲಿದೆ. ‘ಪರಮಾರ್ಥಪ್ರಕಾಶಿಕೆ’ ವ್ಯಾಖ್ಯಾನರೂಪದ ಗದ್ಯ. ‘ವಿವೇಕಚಿಂತಾಮಣಿ’ ನಾನಾ ವಿದ್ಯೆಗಳ ಶಬ್ದಗಳನ್ನೂ ಭೇದಗಳನ್ನೂ ವಿವರಿಸುವ ವಿಶ್ವಕೋಶದಂತಹ ಗದ್ಯ. ಹಾಡಬಲ್ಲವನಿಗೆ ಹಾಡು, ಕಂಠಪಾಠ ಮಾಡುವವನಿಗೆ ತ್ರಿಪದಿ, ವಿಚಾರಿಸುವವನಿಗೆ ಗದ್ಯ ಎಂಬಂತೆ ಒಂದೊಂದು ಅಧಿಕಾರಕ್ಕೆ ಒಂದೊಂದು ರೂಪ ಒದಗುತ್ತದೆ. ಇಂದಿನ ಅಧ್ಯಾಪಕರೂ ಇದರಿಂದ ಕಲಿಯಬಹುದಾದುದಿದೆ. ‘ಕೈವಲ್ಯಪದ್ಧತಿ’ಯ ಕೆಲವು ಹಾಡುಗಳನ್ನು ಮೊದಲು ಕೇಳಿಸಿ, ‘ವಿವೇಕಚಿಂತಾಮಣಿ’ಯನ್ನು ಮೊದಲಿಂದ ಕೊನೆಯವರೆಗೆ ಓದಿಸದೆ, ಕಠಿನ ಶಬ್ದ ಎದುರಾದಾಗ ತೆರೆದು ನೋಡುವ ಕೋಶವಾಗಿ ಪಕ್ಕದಲ್ಲಿರಿಸಿಕೊಳ್ಳುವುದು ಯುಕ್ತ.

ಸಂಸ್ಕೃತ ಪಾಠಶಾಲೆಗಳಲ್ಲಿಯೂ ಇಂತಹ ಕ್ರಮವಿತ್ತು. ಅನ್ನಂಭಟ್ಟನು ತನ್ನ ‘ತರ್ಕಸಂಗ್ರಹ’ವನ್ನು ಬಾಲಕರ ಸುಖಬೋಧೆಗಾಗಿ ರಚಿಸಿದುದೆಂದು ಆರಂಭದಲ್ಲೇ ಹೇಳಿಕೊಂಡು, ಅದಕ್ಕೆ ‘ದೀಪಿಕೆ’ ಎಂಬ ವ್ಯಾಖ್ಯಾನವನ್ನೂ ತಾನೇ ಬರೆದನು. ಅದರ ಅನುಮಾನಭಾಗವನ್ನು ಗುರುಮುಖದಿಂದ ಕಲಿತವನಿಗೆ ವಾದದ ಎಲುಬುಗೂಡು ಗೋಚರಿಸುತ್ತದೆ. ಬೆಟ್ಟದಲ್ಲಿ ಹೊಗೆಯಿದೆ, ಆದುದರಿಂದ ಬೆಂಕಿಯಿದೆ, ಅಡುಗೆಮನೆಯಲ್ಲಿ ಕಂಡಂತೆ ಎಂಬುದು ಪ್ರಸಿದ್ಧ ಉದಾಹರಣೆ. ಮಳೆಗಾಲದಲ್ಲಿ ಘಟ್ಟದ ಮೇಲೆ ಏಳುವ ಮಂಜನ್ನು ದೂರದಿಂದ ಹೊಗೆಯೆಂದು ತಿಳಿದು ಅಲ್ಲಿ ಬೆಂಕಿಯಿದೆಯೆಂದು ಊಹಿಸಿದರೆ ಆಗುವ ದೋಷವೇನೆಂದು ದಕ್ಷಿಣ ಕನ್ನಡದ ಬಾಲಕನನ್ನು ಕೇಳಿದರೆ ಹೇತ್ವಾಭಾಸದ ಪಾಠ ತಾನಾಗಿ ಆರಂಭವಾಗುತ್ತದೆ. ಆದರೆ ಇದು ಮೊದಲ ತಿಂಗಳ ಓದಲ್ಲ. ವಾದಗಳನ್ನು ಕಥೆಗಳಲ್ಲಿ ಸವಿದ ಮೇಲೆ ಅವುಗಳ ಲಕ್ಷಣವನ್ನು ತಿಳಿಯುವುದು ಸುಲಭ.

ಪ್ರಯೋಜನ

ಓದಿನಿಂದ ಆಗಬೇಕಾದುದೇನು? ಗ್ರಂಥಕರ್ತನ ಅಭಿಪ್ರಾಯವನ್ನು ಒಪ್ಪುವುದೇ ಪ್ರಯೋಜನವೆಂದು ಅನೇಕರು ಭಾವಿಸುತ್ತಾರೆ. ಹಾಗಾದರೆ ಅದಕ್ಕೆ ಶಾಸ್ತ್ರ ಬೇಕಾಗಿರಲಿಲ್ಲ, ಉಪದೇಶವೇ ಸಾಕಾಗುತ್ತಿತ್ತು. ತನಗೆ ಒಪ್ಪಿಗೆಯಾಗದ ಪಕ್ಷವನ್ನು ಅದರ ಪೂರ್ಣಬಲದೊಡನೆ ಹೇಳಬಲ್ಲ ಶಕ್ತಿಯೇ ಪ್ರಥಮ ವಾಚನದ ಪ್ರಯೋಜನ. ವಿಜಯನಗರದ ಕಾಲದ ಮಾಧವಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾದ ‘ಸರ್ವದರ್ಶನಸಂಗ್ರಹ’ವು ವೇದವನ್ನೂ ಪರಲೋಕವನ್ನೂ ನಿರಾಕರಿಸುವ ಚಾರ್ವಾಕ ದರ್ಶನದಿಂದಲೇ ಆರಂಭವಾಗುತ್ತದೆ. ಅದನ್ನು ಮರೆಮಾಡಿ ವೇದಾಂತಕ್ಕೆ ಹೋಗಬಹುದೆಂದು ಆ ಆಸ್ತಿಕ ಪಂಡಿತರು ಎಣಿಸಲಿಲ್ಲ.

ಮಠಮಾನ್ಯಗಳ ಆಶ್ರಯದಲ್ಲಿ ನಡೆಯುವ ಶಾಲೆಗಳು ವಿಶೇಷವಾಗಿ ಮನನ ಮಾಡಬೇಕಾದ ಅಂಶವಿದು. ಎ. ಎನ್. ಮೂರ್ತಿರಾಯರು (1900–2003) ತಮ್ಮ ತೊಂಬತ್ತರ ಹರೆಯದಲ್ಲಿ ಪ್ರಕಟಿಸಿದ ‘ದೇವರು’ ಎಂಬ ಗ್ರಂಥವು ದೇವರ ಅಸ್ತಿತ್ವದ ಪರವಾದ ವಾದಗಳನ್ನು ಒಂದೊಂದಾಗಿ ತೂಗಿ, ಅವು ತಮಗೆ ಒಪ್ಪಿಗೆಯಾಗುವುದಿಲ್ಲವೆಂದು ತಿಳಿಗನ್ನಡದಲ್ಲಿ ಹೇಳುತ್ತದೆ. ಅದನ್ನು ಪುಸ್ತಕಭಂಡಾರದಲ್ಲಿ ಇರಿಸಬಹುದೆ ಎಂಬ ಸಂಕೋಚ ಹುಟ್ಟುವುದು ಸಹಜ. ಆದರೆ ಶಾಲೆಯಲ್ಲಿ ಗುರುಗಳ ಸಮ್ಮುಖದಲ್ಲಿ ಕೇಳದ ಆಕ್ಷೇಪವನ್ನು ವಿದ್ಯಾರ್ಥಿ ನಾಳೆ ಬೀದಿಯಲ್ಲಿ ಒಬ್ಬಂಟಿಯಾಗಿ ಕೇಳುತ್ತಾನೆ. ಅಂದು ಅವನಿಗೆ ಉತ್ತರವೂ ತಿಳಿಯದು, ಆಕ್ಷೇಪದ ನಿಜವಾದ ಬಲವೂ ತಿಳಿಯದು. ತನ್ನಿಂದ ಏನನ್ನೋ ಬಚ್ಚಿಡಲಾಗಿತ್ತೆಂಬ ಅನುಮಾನ ಮಾತ್ರ ಉಳಿಯುತ್ತದೆ. ಪೂರ್ವಪಕ್ಷಕ್ಕೆ ಅಂಜುವ ಶ್ರದ್ಧೆ ಬಹುಕಾಲ ನಿಲ್ಲುವುದಿಲ್ಲ. ಆಸ್ತಿಕ ಮನೆಯ ವಿದ್ಯಾರ್ಥಿಗೆ ಈ ಗ್ರಂಥವೂ, ನಾಸ್ತಿಕ ಪ್ರವೃತ್ತಿಯವನಿಗೆ ಕಠೋಪನಿಷತ್ತೂ ಸಮಾನವಾಗಿ ಹಿತಕರ.

ಎಲ್ಲ ಮನೆಗಳ ಮಕ್ಕಳಿಗೂ ಸಮದೂರದಲ್ಲಿರುವ ಕೃತಿಯೊಂದು ಬೇಕೆನಿಸಿದರೆ ಮೂರ್ತಿರಾಯರೇ ಪ್ಲೇಟೋನ ಸಂವಾದಗಳಿಂದ ಕನ್ನಡಕ್ಕೆ ತಂದ ‘ಸಾಕ್ರೆಟೀಸನ ಕೊನೆಯ ದಿನಗಳು’ ಇದೆ. ಮರಣದಂಡನೆಗೆ ಗುರಿಯಾಗಿ ಸೆರೆಯಲ್ಲಿರುವ ಸಾಕ್ರೆಟೀಸನ ಬಳಿಗೆ ಗೆಳೆಯ ಕ್ರೀಟೋ ಬಂದು, ತಪ್ಪಿಸಿಕೊಂಡು ಹೋಗಲು ಎಲ್ಲ ಏರ್ಪಾಡೂ ಆಗಿದೆಯೆನ್ನುತ್ತಾನೆ. ಅನ್ಯಾಯವಾದ ತೀರ್ಪನ್ನು ಮೀರುವುದು ನ್ಯಾಯವೆ ಎಂದು ಇಬ್ಬರೂ ವಿಚಾರಿಸುತ್ತಾರೆ. ಕ್ರಿ. ಪೂ. 399ರ ಅಥೆನ್ಸಿನ ಈ ಮಾತುಕತೆ ತಾಳಮದ್ದಳೆಯನ್ನು ಕೇಳಿ ಬೆಳೆದವನಿಗೆ ಅಪರಿಚಿತವೆನಿಸದು.

ವಾಚನದ ಕ್ರಮ

ಮೇಲಿನ ವಿಚಾರಗಳನ್ನು ಒಗ್ಗೂಡಿಸಿದರೆ ಒಂದು ವರ್ಷದ ಓದಿಗೆ ಹೀಗೊಂದು ಕ್ರಮ ಸಿದ್ಧವಾಗುತ್ತದೆ. ಮೊದಲು ‘ರಾಮಧಾನ್ಯಚರಿತೆ’, ಅನಂತರ ಶ್ವೇತಕೇತು, ನಚಿಕೇತರ ಉಪಾಖ್ಯಾನಗಳು, ಬಳಿಕ ಸಾಕ್ರೆಟೀಸನ ಸಂವಾದಗಳು, ಆಮೇಲೆ ಆಯ್ದ ವಚನಗಳು ಮತ್ತು ಗೋರಕ್ಷನ ಪ್ರಸಂಗ, ಅದರ ಮೇಲೆ ‘ತರ್ಕಸಂಗ್ರಹ’ದ ಅನುಮಾನಭಾಗ, ವರ್ಷದ ಕೊನೆಗೆ ‘ದೇವರು’. ಇಷ್ಟನ್ನು ದಾಟಿದವನಿಗೆ ಹಿರಿಯಣ್ಣನವರ ಗ್ರಂಥ ಹೆಸರುಗಳ ಪಟ್ಟಿಯಾಗಿ ಕಾಣದೆ, ತಾನು ಕೇಳಿಕೊಂಡ ಪ್ರಶ್ನೆಗಳ ವಂಶವೃಕ್ಷವಾಗಿ ಕಾಣುತ್ತದೆ. ಡಿ. ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ವನ್ನು (1943) ವರ್ಷವಿಡೀ ವಾರಕ್ಕೊಂದು ಪದ್ಯದಂತೆ ಇರಿಸಿಕೊಳ್ಳಬಹುದು. ಅದರ 945 ಪದ್ಯಗಳನ್ನು ಒಮ್ಮೆಗೇ ಓದಿ ಮುಗಿಸುವುದರಿಂದ ಲಾಭವಿಲ್ಲ. ಸಭೆಯಲ್ಲಿ ಹೇಳಲು ಅನುಕೂಲವಾದ ಸೂಕ್ತಿಯಾಗಿ ಕಂಠಪಾಠ ಮಾಡುವುದರಿಂದಲೂ ವಿಚಾರ ಬೆಳೆಯದು. ಒಂದು ಪದ್ಯವನ್ನು ಮುಂದಿರಿಸಿಕೊಂಡು ಇದು ನಿಜವೆ, ಎಲ್ಲಿ ನಿಜವಲ್ಲ ಎಂದು ಚರ್ಚಿಸಿದಾಗ ಅದು ತೆರೆಯುತ್ತದೆ.

ಓದುವ ವಿಧಾನಕ್ಕೂ ಪ್ರಾಚೀನರು ಶ್ರವಣ, ಮನನ, ನಿದಿಧ್ಯಾಸನಗಳೆಂಬ ದಾರಿಯನ್ನು ತೋರಿದ್ದಾರೆ. ಶಾಲೆಯ ಮಟ್ಟಿಗೆ ಇದನ್ನು ಮೂರು ಅಭ್ಯಾಸಗಳಾಗಿ ಇಳಿಸಿಕೊಳ್ಳಬಹುದು. ಒಂದು ಭಾಗವನ್ನು ಮೊದಲು ಗಟ್ಟಿಯಾಗಿ ಓದಿಸಿ ಕೇಳುವುದು. ಎದುರುಪಕ್ಷದ ಮಾತನ್ನು ಅದೇ ಪಕ್ಷದವನು ಮೆಚ್ಚುವಂತೆ ಹತ್ತು ಸಾಲುಗಳಲ್ಲಿ ಬರೆಯುವುದು. ಒಂದು ವಾರದ ಬಳಿಕ ಅದೇ ಭಾಗವನ್ನು ಮತ್ತೊಮ್ಮೆ ಓದಿ, ಮೊದಲು ತಿಳಿದ ಅರ್ಥ ಉಳಿದಿದೆಯೋ ಬದಲಾಗಿದೆಯೋ ನೋಡುವುದು. ಜೊತೆಗೆ ಶಬ್ದಗಳ ಒಂದು ಪುಸ್ತಕವಿರಲಿ. ಎಡಗಡೆ ಲೋಕರೂಢಿಯ ಅರ್ಥ, ಬಲಗಡೆ ಶಾಸ್ತ್ರದ ಅರ್ಥ.

ಕೊನೆಯದಾಗಿ ಒಂದು ಮಾತು. ಅರುಂಧತಿ ಬಹು ಸೂಕ್ಷ್ಮವಾದ ನಕ್ಷತ್ರ. ಅದನ್ನು ನೇರವಾಗಿ ತೋರಿಸಿದರೆ ಕಾಣದೆಂದು, ಬಳಿಯಲ್ಲಿರುವ ದೊಡ್ಡ ನಕ್ಷತ್ರವನ್ನೇ ಮೊದಲು ಅರುಂಧತಿಯೆಂದು ತೋರಿಸಿ, ಕಣ್ಣು ಅಲ್ಲಿ ನಿಂತ ಮೇಲೆ ನಿಜವಾದುದನ್ನು ತೋರಿಸುತ್ತಾರೆ. ಇದೇ ಸ್ಥೂಲಾರುಂಧತೀ ನ್ಯಾಯ. ಪ್ರಥಮ ವಾಚನದ ಗ್ರಂಥಗಳೆಲ್ಲವೂ ಆ ದೊಡ್ಡ ನಕ್ಷತ್ರದ ಸ್ಥಾನದಲ್ಲಿರುವವು. ಅವುಗಳಲ್ಲಿಯೇ ನಿಂತುಬಿಡುವುದು ಎಷ್ಟು ತಪ್ಪೋ, ಅವನ್ನು ಬಿಟ್ಟು ಸೂಕ್ಷ್ಮವನ್ನೇ ಮೊದಲು ತೋರಿಸಲು ಹೊರಡುವುದೂ ಅಷ್ಟೇ ತಪ್ಪು. ಇಂದು ಯಾವ ಗ್ರಂಥವನ್ನು ಕೊಟ್ಟರೆ ನಾಳೆ ಇನ್ನೊಂದು ಗ್ರಂಥವನ್ನು ವಿದ್ಯಾರ್ಥಿ ತಾನಾಗಿ ಕೇಳಿಕೊಂಡು ಬರುವನೋ ಅದೇ ಅವನಿಗೆ ಯೋಗ್ಯವಾದ ಮೊದಲ ಗ್ರಂಥ. ಅದನ್ನು ಗುರುತಿಸಲು ಅಧ್ಯಾಪಕರು ಗ್ರಂಥವನ್ನು ಅರಿತಿರುವಂತೆಯೇ ವಿದ್ಯಾರ್ಥಿಯ ಪ್ರಶ್ನೆಯನ್ನೂ ಕಿವಿಗೊಟ್ಟು ಕೇಳಿರಬೇಕು.